ತಿದ್ದುವ ಮುನ್ನ ಒಂದು ಕಾಗದ

ಕವಿಗೆ ಪ್ರಕಾಶಕನೇ ಶತ್ರುವೆಂಬ ಮಾತು ಸಾಹಿತ್ಯಪ್ರಪಂಚದಲ್ಲಿ ಬಹುಕಾಲದಿಂದ ಸಲ್ಲುತ್ತ ಬಂದಿದೆ. ಹಸ್ತಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯುವ ಬಡಕವಿ ಒಂದು ಕಡೆ, ಗದ್ದುಗೆಯ ಮೇಲೆ ಕುಳಿತು ‘ಆಗದು’ ಎನ್ನುವ ಪ್ರಕಾಶಕ ಇನ್ನೊಂದು ಕಡೆ: ಈ ಚಿತ್ರವನ್ನು ಬರೆಯದ ಚರಿತ್ರಕಾರರು ವಿರಳ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕವಿಗಳ ಜೀವನಚರಿತ್ರೆಗಳಲ್ಲಂತೂ ಇದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಎಡ್ಗರ್ ಅಲನ್ ಪೋ ಎಂಬ ಕವಿಯ ಹಸ್ತಪ್ರತಿಗಳು ತಿರಸ್ಕೃತವಾದುದು, ಹೆನ್ರಿ ಡೇವಿಡ್ ಥೋರೋವಿನ ಮೊದಲ ಗ್ರಂಥ ಮಾರಾಟವಾಗದೆ ಮನೆಗೆ ಹಿಂದಿರುಗಿದುದು, ಎಮಿಲಿ ಡಿಕಿನ್‌ಸನ್ ಎಂಬ ಕವಯಿತ್ರಿಯ ಕವನಗಳು ಪೆಟ್ಟಿಗೆಯಲ್ಲಿಯೇ ಉಳಿದುದು, ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ, ನಿರಾಕರಣೆಯೇ ಪ್ರಕಾಶಕರ ಮಹಾಪರಾಧವೆಂದು ತೀರ್ಪು ಕೊಡುವುದು ರೂಢಿಯಾಗಿದೆ.

ಈ ತೀರ್ಪು ಕರುಣೆಯಿಂದ ಹುಟ್ಟಿದುದು, ವಿಚಾರದಿಂದ ಹುಟ್ಟಿದುದಲ್ಲ. ಆ ಶತಮಾನದ ಕವಿಗಳಿಗೂ ಪ್ರಕಾಶಕರಿಗೂ ಪತ್ರಿಕಾಸಂಪಾದಕರಿಗೂ ನಡೆದ ಪತ್ರವ್ಯವಹಾರದ ಬಹುಭಾಗ ಈಗ ಅಚ್ಚಾಗಿದೆ. ಅದನ್ನು ತಾಳ್ಮೆಯಿಂದ ಓದಿದವರಿಗೆ ಬೇರೊಂದು ಸಂಗತಿ ಸ್ಪಷ್ಟವಾಗುವುದು. ‘ಒಲ್ಲೆ’ ಎಂದ ಪ್ರಕಾಶಕನಿಂದ ಕಾವ್ಯಕ್ಕೆ ಆದ ಹಾನಿ ಅಲ್ಪ. ‘ಆಗಲಿ, ಕೊಡಿ’ ಎಂದು ಕೈನೀಡಿ ಪಡೆದು, ಕರ್ತೃವನ್ನು ಕೇಳದೆ ತಿದ್ದಿದವನಿಂದ ಆದ ಹಾನಿಯೇ ದೊಡ್ಡದು. ನಿರಾಕರಣೆಗೂ ತಿದ್ದುಪಡಿಗೂ ನಡುವಣ ಈ ಭೇದವನ್ನು ಅರಿಯದೆ ಪ್ರಕಾಶಕರನ್ನು ಹಳಿಯುವವರು ನಿರಪರಾಧಿಯನ್ನು ಕಟ್ಟಿಹಾಕಿ ಅಪರಾಧಿಗೆ ಮಣೆ ಹಾಕಿದಂತಾಗುತ್ತದೆ.

ಮೊದಲು ನಿರಾಕರಣೆಯ ಮಾತನ್ನೇ ಎತ್ತಿಕೊಳ್ಳಬಹುದು. ೧೮೨೯ರಲ್ಲಿ ಇಪ್ಪತ್ತು ವರ್ಷದ ಪೋ ಫಿಲಡೆಲ್ಫಿಯ ನಗರದ ಕೇರಿ, ಲೀ ಅಂಡ್ ಕೇರಿ ಸಂಸ್ಥೆಗೆ ತನ್ನ ಕವನಗಳನ್ನು ಒಪ್ಪಿಸಿದನು. ನಷ್ಟವಾದರೆ ತುಂಬಿಕೊಡುವ ಜಾಮೀನು ಬೇಕೆಂದು ಸಂಸ್ಥೆಯವರು ತಿಳಿಸಿದರು. ನೂರು ಡಾಲರುಗಳ ಜಾಮೀನಿಗಾಗಿ ಪೋ ತನ್ನ ಸಾಕುತಂದೆಗೆ ಕಾಗದ ಬರೆದನು, ಆತ ಒಪ್ಪಲಿಲ್ಲ. ಕವಿ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆದು ಆ ವರ್ಷದ ಕೊನೆಗೆ ಬಾಲ್ಟಿಮೋರಿನಲ್ಲಿ ಬೇರೊಬ್ಬರಿಂದ ಅಚ್ಚು ಮಾಡಿಸಿದನು. ೧೮೪೧ರಲ್ಲಿ ಅದೇ ಸಂಸ್ಥೆಯ ಉತ್ತರಾಧಿಕಾರಿಗಳಾದ ಲೀ ಅಂಡ್ ಬ್ಲಾಂಚರ್ಡ್ ಅವರಿಗೆ ತನ್ನ ಕಥೆಗಳ ವಿಸ್ತೃತ ಸಂಗ್ರಹವನ್ನು ಹೊರತರುವಂತೆ ಆತ ಬರೆದನು. ಲಾಭವೆಲ್ಲ ಪ್ರಕಾಶಕರಿಗೆ, ಕರ್ತೃವಿಗೆ ಇಪ್ಪತ್ತು ಪ್ರತಿಗಳು ಮಾತ್ರ, ಇದು ಆತನೇ ಮುಂದಿಟ್ಟ ಷರತ್ತು. ಹಿಂದಿನ ಸಂಪುಟದ ಖರ್ಚೇ ಇನ್ನೂ ಹುಟ್ಟಿಲ್ಲವೆಂದು ಅವರು ಅದನ್ನೂ ಒಲ್ಲೆನೆಂದರು. ಓದುವವರ ಕರುಳು ಕಿವುಚುವಂಥ ಕಾಗದಗಳಿವು, ನಿಜ. ಆದರೆ ಈ ನಿರಾಕರಣೆಗಳಿಂದ ಪೋ ಬರೆದ ಒಂದು ಪಂಕ್ತಿಯಾದರೂ ವಿರೂಪವಾಯಿತೆ? ಇಲ್ಲ. ಹಸ್ತಪ್ರತಿ ಹೇಗೆ ಹೋಯಿತೋ ಹಾಗೆಯೇ ಹಿಂದಿರುಗಿತು.

ಥೋರೋವಿನ ಮಾತೂ ಹಾಗೆಯೇ. ಕಾಂಕಾರ್ಡ್ ಮತ್ತು ಮೆರಿಮ್ಯಾಕ್ ನದಿಗಳ ಮೇಲಿನ ತನ್ನ ಪ್ರವಾಸಗ್ರಂಥವನ್ನು ೧೮೪೯ರಲ್ಲಿ ಆತ ತನ್ನ ಸ್ವಂತ ಹೊಣೆಯ ಮೇಲೆ ಪ್ರಕಟಿಸಿದನು. ಗದ್ಯದ ನಡುವೆ ಆತನ ಅನೇಕ ಕವನಗಳೂ ಅದರಲ್ಲಿ ಸೇರಿದ್ದುವು. ಅಚ್ಚಾದ ೧೦೦೦ ಪ್ರತಿಗಳಲ್ಲಿ ೭೦೬ ಪ್ರತಿಗಳು ೧೮೫೩ರಲ್ಲಿ ಬಂಡಿಯೇರಿ ಆತನ ಮನೆಗೆ ಬಂದುವು. ಆತ ಅವನ್ನು ತಾನೇ ಹೊತ್ತು ಮಹಡಿಯ ಕೋಣೆಗೆ ಸಾಗಿಸಿದನು. ವ್ಯಾಪಾರದಲ್ಲಿ ಇದು ಸೋಲು. ಆದರೆ ಮಹಡಿಯ ಮೇಲೆ ಬಿದ್ದಿದ್ದ ಆ ಪ್ರತಿಗಳಲ್ಲಿ ಇದ್ದುದು ಥೋರೋವಿನ ಮಾತೇ ಹೊರತು ಪ್ರಕಾಶಕನ ಮಾತಲ್ಲ.

‘ನಿರಾಕರಣೆ ಕಾವ್ಯವನ್ನು ಕೆಡಿಸದಿರಬಹುದು, ಕವಿಯನ್ನು ಹಸಿವಿನಿಂದ ಕೊಲ್ಲುವುದಲ್ಲ!’ ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪಣೆಗೆ ತೂಕವಿದೆ. ಆದರೆ ಆ ಹಸಿವಿನ ಮೂಲ ಪ್ರಕಾಶಕನ ಹೃದಯದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ದೇಶದ ಕಾನೂನಿನಲ್ಲಿ ಇತ್ತು. ೧೮೯೧ರಲ್ಲಿ ಅಂತರರಾಷ್ಟ್ರೀಯ ಗ್ರಂಥಸ್ವಾಮ್ಯದ ಕಾಯಿದೆ ಜಾರಿಗೆ ಬರುವವರೆಗೂ ಆಂಗ್ಲ ಗ್ರಂಥಕರ್ತರ ಹೊಸ ಪುಸ್ತಕಗಳನ್ನು ಬಿಡಿಗಾಸು ಗೌರವಧನ ಕೊಡದೆ ಅಮೆರಿಕದಲ್ಲಿ ಅಚ್ಚು ಮಾಡಬಹುದಾಗಿತ್ತು. ಡಿಕೆನ್ಸನ ಕಾದಂಬರಿ, ಟೆನಿಸನ್ನನ ಕಾವ್ಯ ಪುಕ್ಕಟೆಯಾಗಿ ದೊರೆಯುತ್ತಿರುವಾಗ ಸ್ವದೇಶದ ಅಪರಿಚಿತ ಕವಿಗೆ ಹಣ ಕೊಟ್ಟು ನಷ್ಟವನ್ನು ಮೈಮೇಲೆ ಎಳೆದುಕೊಳ್ಳುವ ವರ್ತಕನೆಲ್ಲಿ? ಆ ಅನ್ಯಾಯಕ್ಕೆ ಪರಿಹಾರವನ್ನು ಶಾಸನಸಭೆಯಲ್ಲಿ ಅರಸಬೇಕಾಗಿತ್ತು. ಕಡೆಗೆ ಅಲ್ಲಿಯೇ ಅದು ದೊರೆಯಿತು. ತನ್ನ ಹಣವನ್ನು ಯಾವ ಪುಸ್ತಕದ ಮೇಲೆ ಹೂಡಬೇಕೆಂದು ನಿಶ್ಚಯಿಸುವ ಅಧಿಕಾರ ಪ್ರಕಾಶಕನದು. ಆ ಪುಸ್ತಕದಲ್ಲಿ ಯಾವ ಮಾತು ಇರಬೇಕೆಂದು ನಿಶ್ಚಯಿಸುವ ಅಧಿಕಾರ ಕರ್ತೃವಿನದು. ಮೊದಲನೆಯ ಅಧಿಕಾರವನ್ನು ಚಲಾಯಿಸಿದವನನ್ನು ಬೈದು, ಎರಡನೆಯದನ್ನು ಕಸಿದುಕೊಂಡವನನ್ನು ಸಾಹಿತ್ಯಪೋಷಕನೆಂದು ಹೊಗಳುವುದು ಯಾವ ನ್ಯಾಯ?

ಹಾಗಾದರೆ ಸಂಪಾದಕನು ತಿದ್ದಲೇಬಾರದೆ? ಬರೆದುದೆಲ್ಲವೂ ವೇದವೆ? ಎಂಬ ಪ್ರಶ್ನೆ ಸಹಜವಾಗಿಯೇ ಏಳುವುದು. ಇದಕ್ಕೆ ಉತ್ತರವನ್ನು ತರ್ಕದಿಂದ ಹೆಣೆಯಬೇಕಾದುದಿಲ್ಲ. ಒಂದೇ ಪತ್ರಿಕೆಯ, ಒಬ್ಬನೇ ಸಂಪಾದಕನ, ಮೂರು ವರ್ಷಗಳೊಳಗಿನ ವ್ಯವಹಾರದಲ್ಲಿ ಅದು ದೊರೆಯುತ್ತದೆ. ೧೮೫೭ರ ನವೆಂಬರಿನಲ್ಲಿ ಬಾಸ್ಟನ್ ನಗರದಿಂದ ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಮಾಸಪತ್ರಿಕೆ ಹೊರಟಿತು. ಅದರ ಮೊದಲ ಸಂಪಾದಕ ಜೇಮ್ಸ್ ರಸೆಲ್ ಲೋವೆಲ್, ಸ್ವತಃ ಕವಿ, ವಿದ್ವಾಂಸ.

ಆ ವರ್ಷವೇ ಜಾನ್ ಗ್ರೀನ್‌ಲೀಫ್ ವಿಟ್ಟಿಯರ್ ಎಂಬ ಕವಿ ಒಂದು ಲಾವಣಿಯನ್ನು ಲೋವೆಲ್ಲನಿಗೆ ಕಳುಹಿಸಿದನು. ಮುಳುಗುತ್ತಿದ್ದ ಹಡಗಿನ ಜನವನ್ನು ಕೈಬಿಟ್ಟು ಬಂದನೆಂಬ ಆರೋಪದ ಮೇಲೆ ಐರ್‌ಸನ್ ಎಂಬ ನಾವಿಕನಿಗೆ ಮಾರ್ಬಲ್‌ಹೆಡ್ ಎಂಬ ಬೆಸ್ತರ ಊರಿನ ಹೆಂಗಸರು ಮಾಡಿದ ಅವಮಾನವೇ ಅದರ ವಸ್ತು. ಹೆಂಗಸರ ಬಾಯಿಂದ ಬರುವ ಪಲ್ಲವಿಯನ್ನು ಗ್ರಂಥಭಾಷೆಯಲ್ಲಿ ಇಡುವುದಕ್ಕಿಂತ ಆ ಊರಿನ ಆಡುಮಾತಿನಲ್ಲಿಯೇ ಇಟ್ಟರೆ ಮೇಲೆಂದು ಲೋವೆಲ್ಲನಿಗೆ ತೋರಿತು. ಆತ ಲೇಖನಿಯನ್ನು ಎತ್ತಿಕೊಂಡು ತಾನೇ ತಿದ್ದಲಿಲ್ಲ; ಕವಿಗೆ ಕಾಗದ ಬರೆದನು. ವಿಟ್ಟಿಯರ್ ಆ ಸಲಹೆಯನ್ನು ಸಂತೋಷದಿಂದ ಒಪ್ಪಿದನು. ಲಾವಣಿ ಡಿಸೆಂಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ಇಂದಿಗೂ ಆ ಕವನದ ಜೀವ ಇರುವುದು ಆ ಆಡುಮಾತಿನ ಪಲ್ಲವಿಯಲ್ಲಿಯೇ. ಸಂಪಾದಕನ ತಿದ್ದುಪಡಿ ಕಾವ್ಯಕ್ಕೆ ಉಪಕಾರವಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮರುವರ್ಷ, ೧೮೫೮ರಲ್ಲಿ, ಅದೇ ಲೋವೆಲ್ಲನ ಕೋರಿಕೆಯ ಮೇರೆಗೆ ಥೋರೋ ಮೇಯ್ನ್ ಪ್ರಾಂತದ ಕಾಡುಗಳ ವಿಷಯವಾಗಿ ಒಂದು ಲೇಖನವನ್ನು ಕಳುಹಿಸಿದನು. ಪೈನ್ ಮರದ ಅಮರತ್ವವನ್ನು ತನ್ನ ಅಮರತ್ವಕ್ಕೆ ಸರಿಗಟ್ಟಿ ಹೇಳಿದ ವಾಕ್ಯವೊಂದು ಅದರಲ್ಲಿತ್ತು. ಮತಭಾವನೆಯುಳ್ಳ ಓದುಗರು ನೊಂದುಕೊಳ್ಳಬಹುದೆಂಬ ಅಳುಕಿನಿಂದಲೋ ಏನೋ, ಕರಡಚ್ಚಿನಲ್ಲಿ ಆ ವಾಕ್ಯಕ್ಕೆ ಗೀಟು ಬಿದ್ದಿತ್ತು. ಥೋರೋ ಅದನ್ನು ಕಂಡು, ವಾಕ್ಯ ಇದ್ದಂತೆಯೇ ಇರಬೇಕೆಂದು ಅಂಚಿನಲ್ಲಿ ಗುರುತು ಹಾಕಿ ಹಿಂದಕ್ಕೆ ಕಳುಹಿಸಿದನು. ಜುಲೈ ಸಂಚಿಕೆ ಕೈಸೇರಿದಾಗ ವಾಕ್ಯ ಮಾಯವಾಗಿತ್ತು. ಜೂನ್ ೨೨ರಂದು ಆತ ಲೋವೆಲ್ಲನಿಗೆ ಬರೆದ ಕಾಗದದಲ್ಲಿ ಕೋಪವೂ ಇದೆ, ನ್ಯಾಯವೂ ಇದೆ. ತನ್ನ ಅಭಿಪ್ರಾಯಗಳನ್ನು ಯಾರೂ ಒಪ್ಪಬೇಕಾದುದಿಲ್ಲ. ಆದರೆ ಅಚ್ಚಿಗೆಂದು ಕೇಳಿ ಪಡೆದ ಮೇಲೆ ಅವನ್ನು ಅಚ್ಚು ಮಾಡಬೇಕು, ಇಲ್ಲವೆ ಬದಲಾವಣೆಗೆ ತನ್ನ ಸಮ್ಮತಿಯನ್ನು ಪಡೆಯಬೇಕು. ಇಷ್ಟೇ ಅದರ ಸಾರ. ಬಿಟ್ಟ ವಾಕ್ಯವನ್ನು ಆಗಸ್ಟ್ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದೂ ಕೇಳಿದನು. ಅದು ಪ್ರಕಟವಾಗಲಿಲ್ಲ. ಲೋವೆಲ್ ಸಂಪಾದಕನಾಗಿದ್ದಷ್ಟು ಕಾಲವೂ ಥೋರೋ ಆ ಪತ್ರಿಕೆಗೆ ಮತ್ತೆ ಏನನ್ನೂ ಕೊಡಲಿಲ್ಲ.

೧೮೬೦ರಲ್ಲಿ ವಾಲ್ಟ್ ವಿಟ್‌ಮನ್ ಎಂಬ ಕವಿ ಸಮುದ್ರತೀರದ ಮೇಲಿನ ಒಂದು ಕವನವನ್ನು ಅದೇ ಪತ್ರಿಕೆಗೆ ಕಳುಹಿಸಿದನು. ಶವದ ತುಟಿಯನ್ನು ವರ್ಣಿಸುವ ಎರಡು ಸಾಲು ಲೋವೆಲ್ಲನಿಗೆ ಸಹ್ಯವಾಗಲಿಲ್ಲ. ಈ ಸಾರಿ ಕವಿಯನ್ನು ಕೇಳಲಾಯಿತು. ಆ ಸಾಲುಗಳು ಇದ್ದರೆ ಮೇಲೆಂದೇ ತನ್ನ ಎಣಿಕೆ, ಆದರೂ ಸಂಪಾದಕರ ಇಚ್ಛೆ ದೃಢವಾಗಿದ್ದರೆ ಬಿಡಲು ಒಪ್ಪಬಹುದೆಂದು ವಿಟ್‌ಮನ್ ಉತ್ತರ ಬರೆದನು. ಏಪ್ರಿಲ್ ಸಂಚಿಕೆಯಲ್ಲಿ ಕವನ ಆ ಸಾಲುಗಳಿಲ್ಲದೆ ಬಂದಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ಪ್ರಕಟವಾದ ತನ್ನ ಸಂಕಲನದಲ್ಲಿ ಕವಿ ಅವನ್ನು ಮತ್ತೆ ಸೇರಿಸಿಕೊಂಡನು. ಪತ್ರಿಕೆಗೆ ಅದರ ಮರ್ಯಾದೆ ಉಳಿಯಿತು, ಕವಿಗೆ ಅವನ ಸಾಲು ಉಳಿಯಿತು, ಸ್ನೇಹಭಂಗವೂ ಆಗಲಿಲ್ಲ.

ಈ ಮೂರು ಸಂದರ್ಭಗಳಲ್ಲಿಯೂ ಸಂಪಾದಕ ಒಬ್ಬನೇ, ಅವನ ಅಭಿರುಚಿ ಒಂದೇ, ತಿದ್ದುವ ಆಸೆಯೂ ಒಂದೇ. ಫಲ ಮಾತ್ರ ಬೇರೆಬೇರೆ. ಭೇದಕ್ಕೆ ಕಾರಣವಾದುದು ಅಂಚೆಯಲ್ಲಿ ಹೋಗಿಬಂದ ಒಂದು ಕಾಗದ. ಕೇಳಿ ತಿದ್ದಿದರೆ ಅದು ಸಂಪಾದನೆ. ಕೇಳದೆ ತಿದ್ದಿದರೆ ಅದು ಅಪಹರಣ. ಹೊಲದ ನಡುವೆ ದಾರಿ ಬೇಕಾದವನು ಒಡೆಯನನ್ನು ಕೇಳುವುದಕ್ಕೂ, ರಾತ್ರಿಯ ಹೊತ್ತು ಬೇಲಿ ಕೀಳುವುದಕ್ಕೂ ಇರುವ ಅಂತರವನ್ನು ಗ್ರಾಮದ ಪಂಚಾಯತರು ಬಲ್ಲರು. ಸಾಹಿತ್ಯಪಂಡಿತರಿಗೆ ಮಾತ್ರ ಅದನ್ನು ವಿವರಿಸಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಈ ಅಪಹರಣದ ಅತ್ಯಂತ ಶೋಚನೀಯವಾದ ಉದಾಹರಣೆ ಎಮಿಲಿ ಡಿಕಿನ್‌ಸನ್ನಳದು. ಸುಮಾರು ೧೮೦೦ ಕವನಗಳನ್ನು ಬರೆದ ಈ ಕವಯಿತ್ರಿಯ ಜೀವಮಾನದಲ್ಲಿ ಅಚ್ಚಾದುವು ಹತ್ತರ ಆಸುಪಾಸು, ಅವೂ ಹೆಸರಿಲ್ಲದೆ. ೧೮೬೨ರ ಏಪ್ರಿಲಿನಲ್ಲಿ ಆಕೆ ನಾಲ್ಕು ಕವನಗಳನ್ನು ಇಟ್ಟು, ತನ್ನ ಪದ್ಯಕ್ಕೆ ಜೀವವಿದೆಯೆ ಎಂದು ಕೇಳಿ, ಥಾಮಸ್ ವೆಂಟ್‌ವರ್ತ್ ಹಿಗ್ಗಿನ್‌ಸನ್ ಎಂಬ ಪ್ರಸಿದ್ಧ ಲೇಖಕನಿಗೆ ಕಾಗದ ಬರೆದಳು. ಪ್ರಕಟಣೆಗೆ ಆತುರಪಡಬಾರದೆಂಬುದು ಆತನ ಸಲಹೆ. ಈ ಸಲಹೆಗಾಗಿ ಹಿಗ್ಗಿನ್‌ಸನ್ನನನ್ನು ನಿಂದಿಸುವವರು ಬಹುಮಂದಿ. ನಿಂದೆಗೆ ಆತ ಪಾತ್ರನೇ ಸರಿ, ಆದರೆ ಈ ಕಾರಣಕ್ಕಲ್ಲ.

೧೮೬೬ರ ಫೆಬ್ರವರಿಯಲ್ಲಿ ಆಕೆಯ ಹಾವಿನ ಕವನ ‘ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್’ ಎಂಬ ಪತ್ರಿಕೆಯಲ್ಲಿ ಆಕೆಯ ಅನುಮತಿಯಿಲ್ಲದೆ ಪ್ರಕಟವಾಯಿತು. ಮೂರನೆಯ ಸಾಲಿನ ಕೊನೆಗೆ ಪತ್ರಿಕೆಯವರು ಒಂದು ವಿರಾಮಚಿಹ್ನೆಯನ್ನು ಹಾಕಿದ್ದರು. ಆ ಕವನವನ್ನು ತನ್ನಿಂದ ಕದ್ದುಕೊಂಡರೆಂದೂ, ಮೂರನೆಯ ನಾಲ್ಕನೆಯ ಸಾಲುಗಳು ಒಂದಾಗಿರಬೇಕಾಗಿದ್ದುದನ್ನು ಆ ಚಿಹ್ನೆ ಬೇರ್ಪಡಿಸಿತೆಂದೂ ಆಕೆ ದೂರಿಕೊಂಡು ಕಾಗದ ಬರೆದಳು. ಒಂದು ಚಿಹ್ನೆಗಾಗಿ ಇಷ್ಟು ನೊಂದವಳು ತನ್ನ ಬರಹದ ವಿಷಯದಲ್ಲಿ ಉದಾಸೀನಳೆಂದು ಯಾರು ಹೇಳಬಲ್ಲರು? ೧೮೭೮ರಲ್ಲಿ ಗೆಳತಿ ಹೆಲನ್ ಹಂಟ್ ಜಾಕ್ಸನ್ನಳ ಬಲವಂತಕ್ಕೆ ಕಟ್ಟುಬಿದ್ದು ಒಂದು ಕವನವನ್ನು ರಾಬರ್ಟ್ಸ್ ಬ್ರದರ್ಸ್ ಸಂಸ್ಥೆಯ ಅನಾಮಧೇಯ ಸಂಕಲನಕ್ಕೆ ಬಿಟ್ಟುಕೊಟ್ಟಳು. ಅಚ್ಚಿನಲ್ಲಿ ಅದರ ಮಾತುಗಳೂ ಕೆಲವೆಡೆ ಬದಲಾಗಿದ್ದುವು. ಆ ಸಂಸ್ಥೆಯ ಥಾಮಸ್ ನೈಲ್ಸ್ ಮುಂದೆ ಆಕೆಯ ಕವನಗಳ ಒಂದು ಸಂಪುಟವನ್ನೇ ಕೇಳಿ ಕಾಗದ ಬರೆದನು. ಆಕೆ ಕೆಲವು ಬಿಡಿ ಕವನಗಳನ್ನು ಕಳುಹಿಸಿದಳೇ ಹೊರತು ಸಂಪುಟವನ್ನು ಕೊಡಲಿಲ್ಲ. ಪ್ರಕಾಶಕನು ಒಲ್ಲೆನೆಂದುದರಿಂದ ಆಕೆ ಅಜ್ಞಾತಳಾಗಿ ಉಳಿದಳೆಂಬ ಕಥೆಯನ್ನು ಈ ಕಾಗದಗಳು ಸುಳ್ಳು ಮಾಡುತ್ತವೆ. ಪ್ರಕಾಶಕ ಕೇಳಿದನು; ಎರಡು ಬಾರಿ ಅಚ್ಚಿನ ಅನುಭವವಾದವಳು ಕೊಡಲಿಲ್ಲ.

ಆಕೆ ೧೮೮೬ರಲ್ಲಿ ತೀರಿಕೊಂಡಳು. ೧೮೯೦ರಲ್ಲಿ ಮೇಬಲ್ ಲೂಮಿಸ್ ಟಾಡ್ ಎಂಬಾಕೆಯೂ ಹಿಗ್ಗಿನ್‌ಸನ್ನನೂ ಕೂಡಿ ಆಕೆಯ ಕವನಗಳ ಮೊದಲ ಸಂಪುಟವನ್ನು ಹೊರತಂದರು. ಶಿರೋನಾಮೆಯಿಲ್ಲದ ಕವನಗಳಿಗೆ ಶಿರೋನಾಮೆ ಬಂದಿತು. ಆಕೆಯ ಅಡ್ಡಗೀಟುಗಳು ಹೋಗಿ ವ್ಯಾಕರಣದ ಚಿಹ್ನೆಗಳು ಕುಳಿತುವು. ಒರಟೆಂದು ತೋರಿದ ಪ್ರಾಸಗಳು ನಯವಾದುವು. ‘ತೀರಿಕೊಂಡವಳನ್ನು ಕೇಳುವುದೆಂತು?’ ಎಂದು ಅವರ ಪಕ್ಷ ವಹಿಸುವವರು ಪ್ರಶ್ನಿಸುತ್ತಾರೆ. ಕೇಳಬೇಕಾಗಿರಲಿಲ್ಲ, ಉತ್ತರ ಬಂದು ಇಪ್ಪತ್ತನಾಲ್ಕು ವರ್ಷಗಳಾಗಿದ್ದುವು. ಒಂದು ವಿರಾಮಚಿಹ್ನೆಗಾಗಿ ೧೮೬೬ರಲ್ಲಿ ಆಕೆ ದೂರಿಕೊಂಡು ಬರೆದುದು ಯಾರಿಗೆ? ಇದೇ ಹಿಗ್ಗಿನ್‌ಸನ್ನನಿಗೆ. ಆ ಕಾಗದವನ್ನು ಪಡೆದವನೇ ಆಕೆಯ ಮರಣಾನಂತರ ಅದೇ ಕೆಲಸಕ್ಕೆ ನೂರುಪಾಲು ಹೆಚ್ಚಾಗಿ ಕೈಹಾಕಿದನು.

‘ಹಾಗೆ ತಿದ್ದಿರದಿದ್ದರೆ ಆ ಕಾಲದ ಓದುಗರು ಕವನಗಳನ್ನು ಮುಟ್ಟುತ್ತಿರಲಿಲ್ಲ, ಐನೂರು ಪ್ರತಿಗಳೊಡನೆ ಹೊರಟ ಸಂಪುಟ ಎರಡು ವರ್ಷಗಳೊಳಗೆ ಹನ್ನೊಂದು ಮುದ್ರಣಗಳನ್ನು ಕಂಡಿತಲ್ಲ’ ಎಂಬುದು ಕಡೆಯ ವಾದ. ಈ ವಾದ ಸಂಪಾದಕರಿಗಿಂತ ಹೆಚ್ಚಾಗಿ ಓದುಗರನ್ನೇ ಅವಮಾನಿಸುತ್ತದೆ. ತಿದ್ದದೆ ಉಳಿದ ಕವನಗಳನ್ನು ಜನ ಒಲ್ಲೆನೆಂದರೆಂಬುದಕ್ಕೆ ಸಾಕ್ಷ್ಯವೆಲ್ಲಿ? ಅವನ್ನು ಅವರ ಮುಂದೆ ಇಟ್ಟವರೇ ಇಲ್ಲ. ಥಾಮಸ್ ಎಚ್. ಜಾನ್‌ಸನ್ ಎಂಬ ವಿದ್ವಾಂಸನು ಹಸ್ತಪ್ರತಿಗಳನ್ನು ಅನುಸರಿಸಿ ೧೭೭೫ ಕವನಗಳನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದುದು ೧೯೫೫ರಲ್ಲಿ. ಅಂದರೆ ೬೫ ವರ್ಷಗಳ ಕಾಲ ಓದುಗರು ಡಿಕಿನ್‌ಸನ್ನಳನ್ನು ಓದುತ್ತಿರುವೆವೆಂದು ನಂಬಿ, ಬಹುಪಾಲು ಬೇರೆಯವರು ಒಪ್ಪಮಾಡಿದ ಪ್ರತಿಯನ್ನು ಓದಿದರು. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದಾಗ ಆ ಕವನಗಳಿಗೆ ಯಾವ ಕೇಡೂ ತಟ್ಟಿರಲಿಲ್ಲ. ಕೇಡು ಬಂದುದು ಪೆಟ್ಟಿಗೆಯನ್ನು ತೆರೆದ ಹಿತೈಷಿಗಳಿಂದ.

ಇದಕ್ಕೆ ಪ್ರತಿಯಾಗಿ, ಎಲ್ಲರೂ ಹೇಡಿಯೆಂದು ಹಳಿಯುವ ಒಬ್ಬ ಪ್ರಕಾಶಕನ ನಡತೆಯನ್ನು ನೋಡಬಹುದು. ೧೮೮೧ರಲ್ಲಿ ಜೇಮ್ಸ್ ಆರ್. ಆಸ್‌ಗುಡ್ ವಿಟ್‌ಮನ್ನನ ‘ಲೀವ್ಸ್ ಆಫ್ ಗ್ರಾಸ್’ ಸಂಕಲನವನ್ನು ಪ್ರಕಟಿಸಲು ಮುಂದೆ ಬಂದನು. ಗುಲ್ಲೆಬ್ಬಿಸಿದ್ದ ಶೃಂಗಾರಕವನಗಳೆಲ್ಲವೂ ಇದ್ದಂತೆಯೇ ಇರತಕ್ಕುದೆಂದು ಕವಿ ಮೊದಲೇ ಕಾಗದದಲ್ಲಿ ಎಚ್ಚರಿಕೆ ಕೊಟ್ಟಿದ್ದನು. ೧೮೮೨ರ ಮಾರ್ಚಿಯಲ್ಲಿ ಬಾಸ್ಟನ್ನಿನ ಸರ್ಕಾರಿ ವಕೀಲನು ಆ ಗ್ರಂಥ ಅಶ್ಲೀಲವೆಂದು ಆಸ್‌ಗುಡ್ಡನಿಗೆ ಎಚ್ಚರಿಕೆಯ ಪತ್ರ ಕಳುಹಿಸಿದನು. ತೆಗೆಯಬೇಕಾದ ಭಾಗಗಳ ಪಟ್ಟಿ ಕವಿಗೆ ಬಂದಿತು. ಅಲ್ಪಸ್ವಲ್ಪ ಬದಲಾವಣೆಗೆ ಮೊದಲು ಒಲಿದಿದ್ದ ವಿಟ್‌ಮನ್, ಪಟ್ಟಿಯನ್ನು ಕಂಡೊಡನೆ ಅದನ್ನು ಇಡಿಯಾಗಿಯೂ ಬಿಡಿಯಾಗಿಯೂ ತಿರಸ್ಕರಿಸಿರುವುದಾಗಿ ಬರೆದನು. ಆಸ್‌ಗುಡ್ ಪ್ರಕಟಣೆಯನ್ನು ನಿಲ್ಲಿಸಿ, ಅಚ್ಚಿನ ಫಲಕಗಳನ್ನೂ ೧೦೦ ಡಾಲರುಗಳನ್ನೂ ಕವಿಗೆ ಕೊಟ್ಟು ಕೈತೊಳೆದುಕೊಂಡನು. ಆ ವರ್ಷವೇ ಫಿಲಡೆಲ್ಫಿಯದ ರೀಸ್ ವೆಲ್ಷ್ ಸಂಸ್ಥೆ ಅದನ್ನು ಪ್ರಕಟಿಸಿತು. ಹಿಂದಿನ ಯಾವ ಆವೃತ್ತಿಗೂ ಇಲ್ಲದ ವೇಗದಲ್ಲಿ ಪ್ರತಿಗಳು ಖರ್ಚಾದುವು. ಆಸ್‌ಗುಡ್ ಧೀರನಲ್ಲ, ಒಪ್ಪತಕ್ಕ ಮಾತೇ. ಆದರೆ ಅವನು ಗುಟ್ಟಾಗಿ ಒಂದು ಸಾಲನ್ನೂ ತೆಗೆಯಲಿಲ್ಲ. ಅವನ ಅಂಜಿಕೆ ಕಾಗದದಲ್ಲಿ ಬಂದುದರಿಂದಲೇ ಕವಿಯ ಧೈರ್ಯವೂ ಕಾಗದದಲ್ಲಿ ಬರಲು ಎಡೆಯಾಯಿತು. ಗ್ರಂಥ ಅಖಂಡವಾಗಿ ಉಳಿಯಿತು.

ಕವಿಗಳೆಲ್ಲ ನಿರ್ದೋಷಿಗಳೆಂದು ಇದರ ಅರ್ಥವಲ್ಲ. ಇದೇ ವಿಟ್‌ಮನ್ನನ ಮೊದಲ ಆವೃತ್ತಿಯನ್ನು ಮೆಚ್ಚಿ ೧೮೫೫ರ ಜುಲೈಯಲ್ಲಿ ಎಮರ್ಸನ್ ಬರೆದ ಖಾಸಗಿ ಕಾಗದ ಅಕ್ಟೋಬರಿನಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷದ ಆವೃತ್ತಿಯ ಬೆನ್ನಿನ ಮೇಲೆ ಅದರ ಒಂದು ವಾಕ್ಯ ಎಮರ್ಸನ್ನನ ಹೆಸರಿನೊಡನೆ ಹೊನ್ನಕ್ಷರಗಳಲ್ಲಿ ಮೆರೆಯಿತು. ಎಮರ್ಸನ್ನನನ್ನು ಯಾರೂ ಕೇಳಿರಲಿಲ್ಲ. ಕೇಳದೆ ತೆಗೆಯುವುದು ತಪ್ಪಾದರೆ ಕೇಳದೆ ಮೆರೆಸುವುದೂ ತಪ್ಪೇ. ನಿಯಮ ಒಂದೇ, ಅದು ಕವಿಗೂ ಅನ್ವಯಿಸುವುದು.

ಈ ನಿಯಮವನ್ನು ಬಿಟ್ಟವರ ಕೈ ಎಲ್ಲಿಯವರೆಗೆ ಚಾಚುವುದೆಂಬುದಕ್ಕೆ ರೂಫಸ್ ಗ್ರಿಸ್‌ವೊಲ್ಡನೇ ಸಾಕ್ಷಿ. ೧೮೪೯ರಲ್ಲಿ ಪೋ ತೀರಿಕೊಂಡ ಮೇಲೆ ಅವನ ಕೃತಿಗಳನ್ನು ಸಂಪಾದಿಸಿದ ಈತ, ೧೮೫೦ರಲ್ಲಿ ಪ್ರಕಟಿಸಿದ ಜೀವನವೃತ್ತಾಂತದಲ್ಲಿ ಪೋ ತನಗೆ ಬರೆದ ಕಾಗದಗಳನ್ನೇ ತಿದ್ದಿ, ತನ್ನ ಹೊಗಳಿಕೆಯ ಮಾತುಗಳನ್ನು ಅವುಗಳಲ್ಲಿ ಸೇರಿಸಿದನು. ಆರ್ಥರ್ ಹಾಬ್ಸನ್ ಕ್ವಿನ್ ಎಂಬ ವಿದ್ವಾಂಸನು ೧೯೪೧ರಲ್ಲಿ ಮೂಲವನ್ನೂ ಕೂಟಪ್ರತಿಯನ್ನೂ ಎದುರೆದುರಾಗಿ ಅಚ್ಚು ಮಾಡಿ ಈ ಮೋಸವನ್ನು ಬಯಲಿಗೆಳೆದನು. ಅಷ್ಟುಹೊತ್ತಿಗೆ ತೊಂಬತ್ತು ವರ್ಷಗಳು ಕಳೆದಿದ್ದುವು. ಹಿತದೃಷ್ಟಿಯಿಂದ ಪ್ರಾಸವನ್ನು ತಿದ್ದುವವನಿಗೂ ಸ್ವಾರ್ಥದಿಂದ ಕಾಗದವನ್ನು ತಿದ್ದುವವನಿಗೂ ಉದ್ದೇಶದಲ್ಲಿ ಅಜಗಜಾಂತರವಿದೆ. ಆದರೆ ಸತ್ತವನ ಬಾಯಲ್ಲಿ ತನ್ನ ಮಾತನ್ನು ಇಡುವ ಅಧಿಕಾರ ತನಗುಂಟೆಂಬ ನಂಬಿಕೆ ಇಬ್ಬರಿಗೂ ಸಮಾನ.

೧೮೬೨ರ ಫೆಬ್ರವರಿಯಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯ ಹೊಸ ಸಂಪಾದಕನಾದ ಜೇಮ್ಸ್ ಟಿ. ಫೀಲ್ಡ್ಸ್ ಥೋರೋವಿನಿಂದ ಲೇಖನಗಳನ್ನು ಬೇಡಿದನು. ಥೋರೋ ಆಗ ಕ್ಷಯರೋಗದಿಂದ ಹಾಸಿಗೆ ಹಿಡಿದಿದ್ದನು. ಕಾಗದಗಳನ್ನು ತಂಗಿಯ ಕೈಯಲ್ಲಿ ಬರೆಸಬೇಕಾಗಿತ್ತು. ಲೇಖನಗಳನ್ನು ಕೊಡಲು ಒಪ್ಪಿದ ಆತ, ತನ್ನ ಸಮ್ಮತಿಯಿಲ್ಲದೆ ಒಂದು ಭಾವವನ್ನಾಗಲಿ ಒಂದು ವಾಕ್ಯವನ್ನಾಗಲಿ ಬದಲಿಸಬಾರದು, ಬಿಡಬಾರದು ಎಂಬ ಷರತ್ತನ್ನು ಬರೆಸಲು ಮರೆಯಲಿಲ್ಲ. ಮೇ ೬ರಂದು ಆತ ತೀರಿಕೊಂಡನು. ಲೋವೆಲ್ ಕಿತ್ತುಹಾಕಿದ ಪೈನ್ ಮರದ ವಾಕ್ಯ ೧೮೬೪ರಲ್ಲಿ ಟಿಕ್ನರ್ ಅಂಡ್ ಫೀಲ್ಡ್ಸ್ ಪ್ರಕಟಿಸಿದ ಗ್ರಂಥದಲ್ಲಿ ತನ್ನ ಸ್ಥಾನಕ್ಕೆ ಮರಳಿ ಬಂದಿತು. ಅದನ್ನು ಕಾಣಲು ಬರೆದವನು ಇರಲಿಲ್ಲ.

ಪತ್ರಿಕೆಗಳನ್ನು ನಡೆಸುವವರೂ ಗ್ರಂಥಗಳನ್ನು ಪ್ರಕಟಿಸುವವರೂ ಈ ಕಾಗದಗಳಿಂದ ಕಲಿಯಬೇಕಾದುದು ಕಷ್ಟದ ಪಾಠವಲ್ಲ. ಒಪ್ಪದಿದ್ದರೆ ಹಿಂದಿರುಗಿಸಲಿ, ಅದರಿಂದ ಯಾರ ಮಾತೂ ಕೆಡುವುದಿಲ್ಲ. ಒಪ್ಪಿಯೂ ತಿದ್ದಬೇಕೆನಿಸಿದರೆ ಮೊದಲು ಬರೆದು ಕೇಳಲಿ. ಕೇಳಲು ಬಿಡುವಿಲ್ಲವೆಂಬವರಿಗೆ ತಿದ್ದಲು ಬಿಡುವೆಲ್ಲಿಂದ ಬಂದಿತು?